ಮಲ್ಲನ ಆತ್ಮಕಥೆ ಮತ್ತು ರಸವಿಚಾರ

ಸಾಹಿತ್ಯಕ್ಕೆಂದು ಮೀಸಲಾದ ಪುಟದಲ್ಲಿ ಕುಸ್ತಿಯ ಮಾತೇಕೆ ಎಂದು ಹುಬ್ಬು ಗಂಟಿಕ್ಕುವ ವಾಚಕರು ಇದ್ದಾರೆಂಬುದನ್ನು ನಾನು ಬಲ್ಲೆ. ಅಂಥವರಿಗೆ ನನ್ನ ಸಮಾಧಾನ ಇಷ್ಟೇ: ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಒಂದು ಪುಸ್ತಕವನ್ನು. ಅದನ್ನು ಬರೆದವನು ಪಂಡಿತನಲ್ಲ, ಕವಿಯೂ ಅಲ್ಲ. ಹಣಕ್ಕಾಗಿ ಕಣಕ್ಕಿಳಿದು, ಮಾಳಿಗೆಯ ಎತ್ತರದಿಂದ ಬಿದ್ದು, ಕಿವಿ ಹಲ್ಲುಗಳನ್ನು ಕಳೆದುಕೊಂಡ ಅಮೆರಿಕದ ಜಟ್ಟಿ. ಹೆಸರು ಮಿಕ್ ಫೋಲಿ. 1999ರಲ್ಲಿ ಹೊರಬಂದ ಅವನ ಆತ್ಮಕಥೆ ‘ಹ್ಯಾವ್ ಎ ನೈಸ್ ಡೇ’ ಆ ದೇಶದ ಮಾರಾಟದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಹೋಗಿ ನಿಂತಿತು. ಪ್ರಕಾಶಕರು ಮೊದಲು ಬೇರೊಬ್ಬ ಬರಹಗಾರನನ್ನು ಅವನಿಗೆ ಜೊತೆಮಾಡಿಕೊಟ್ಟಿದ್ದರು. ಆತ ಬರೆದದ್ದು ಹಿಡಿಸದೆ ಫೋಲಿ ತಾನೇ ಕಾಗದ ಲೇಖನಿ ಹಿಡಿದು ಕುಳಿತು ನೂರಾರು ಪುಟಗಳನ್ನು ಕೈಯಿಂದ ಬರೆದ. ಮಲ್ಲನೊಬ್ಬ ತನ್ನ ಕಥೆಯನ್ನು ತಾನೇ ಹೇಳುವುದು ಲೋಕದಲ್ಲಿ ಎಷ್ಟು ಅಪರೂಪವೆಂಬುದನ್ನು ತಿಳಿಯಬೇಕಾದರೆ ಮೊದಲು ನಮ್ಮ ಮನೆಯ ಲೆಕ್ಕವನ್ನು ನೋಡಿಕೊಳ್ಳುವುದು ಲೇಸು.

ನಮ್ಮಲ್ಲಿ ಮಲ್ಲವಿದ್ಯೆಯ ಬಗೆಗೆ ಬರೆದವರಿಗೆ ಕೊರತೆಯಿಲ್ಲ. ಕಲಬುರ್ಗಿ ಸೀಮೆಗೆ ನೆರೆಯಾದ ಕಲ್ಯಾಣದಿಂದ ಆಳಿದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಒಂದು ಪ್ರಕರಣವೇ ಇದೆ. ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ಅಲ್ಲಿ ವಿಂಗಡಿಸಿದ್ದಾರೆ. ನಮ್ಮ ಜಟ್ಟಿ ಎಂಬ ಮಾತಿಗೂ ಈ ಜ್ಯೇಷ್ಠಿಗೂ ನಂಟನ್ನು ವಿದ್ವಾಂಸರು ಹೇಳುತ್ತಾರೆ. ಅವರಿಗೆ ಯಾವ ಆಹಾರ ಹಾಕಿಸಬೇಕು, ಹಾಲು ಮೊಸರು ಮಾಂಸಗಳ ಏರ್ಪಾಡು ಏನು, ಭಾರ ಎತ್ತುವುದು, ನಡೆಯುವುದು, ನೀರಿನಲ್ಲಿ ಈಜುವುದು, ಕಂಬದ ಮೇಲೆ ಏರಿ ತಿರುಗುವುದು ಮೊದಲಾದ ಶ್ರಮಗಳು ಹೇಗೆ, ಸ್ತ್ರೀಸಂಗದಿಂದ ಅವರನ್ನು ಹೇಗೆ ದೂರವಿಡಬೇಕು, ಎಲ್ಲವೂ ಉಂಟು. ಓದುತ್ತ ಹೋದಂತೆ ನನಗೆ ಆನೆ ಕುದುರೆಗಳನ್ನು ಸಾಕುವ ಅಧ್ಯಾಯಗಳ ನೆನಪಾಗುತ್ತದೆ. ಪ್ರಕರಣದ ಹೆಸರಿನಲ್ಲಿರುವ ವಿನೋದವೂ ಯಾರದೆಂಬುದನ್ನು ಗಮನಿಸಬೇಕು. ಅದು ಅರಸನದು. ಗ್ರಂಥಕರ್ತನೇ ಅರಸನಾದ್ದರಿಂದ ಕಣವನ್ನು ಅವನು ಸಿಂಹಾಸನದಿಂದಲೇ ನೋಡಿದ. ಬೇರೆ ಕಡೆಯಿಂದ ನೋಡಬಹುದೆಂಬ ಯೋಚನೆ ಅವನಿಗೆ ಬರುವ ಕಾರಣವಿರಲಿಲ್ಲ.

ಮೈಸೂರಿನ ವಜ್ರಮುಷ್ಟಿ ಕಾಳಗವೂ ಹೀಗೆಯೇ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು, ಮುಷ್ಟಿಗೆ ಕೊಂಬಿನ ಆಯುಧ ತೊಟ್ಟು, ಜೋಡಿ ಜೋಡಿಯಾಗಿ ಎದುರಾಗುತ್ತಾರೆ. ಒಬ್ಬನ ನೆತ್ತಿಯಿಂದ ನೆತ್ತರು ಚಿಮ್ಮಿದೊಡನೆ ಕಾಳಗ ಮುಗಿಯಿತು. ಕೆಲವೊಮ್ಮೆ ನಿಮಿಷವೂ ಹಿಡಿಯದು. ಮಾರನೆಯ ದಿನ ಪತ್ರಿಕೆಗಳಲ್ಲಿ ಯಾರ ತಲೆಯಿಂದ ರಕ್ತ ಚಿಮ್ಮಿತೆಂಬುದು ಅಚ್ಚಾಗುತ್ತದೆ. ಆ ಗಾಯಕ್ಕೆ ಮನೆಯಲ್ಲಿ ಯಾರು ಔಷಧಿ ಹಚ್ಚಿದರು, ಆ ತಾಯಿ ಅಂದು ಅರಮನೆಯ ಕಡೆಗೆ ಮುಖ ಹಾಕಿದಳೋ ಇಲ್ಲವೋ ಎಂಬುದು ವರದಿಗಾರನ ಕೆಲಸವಲ್ಲ, ನಿಜ. ಆದರೆ ಅದು ಯಾರ ಕೆಲಸ? ಕಾದಂಬರಿಕಾರನದೆಂದು ನಾನು ತಿಳಿದಿದ್ದೇನೆ.

ಇನ್ನು ನಮ್ಮ ಭಾಗದ ಮಣ್ಣಿನ ಕುಸ್ತಿ. ನಾನು ಜೇವರ್ಗಿ ತಾಲೂಕಿನ ಕೊಳಕೂರದವನು. ಜಾತ್ರೆಯ ಕುಸ್ತಿ ನೋಡಿ ಬೆಳೆದವನು. ತೆಂಗಿನಕಾಯಿಯ ಇನಾಮಿಗೆ ಚಿಕ್ಕ ಹುಡುಗರು ಹಿಡಿಯುವ ಕುಸ್ತಿಯಿಂದ ಆಟ ಪ್ರಾರಂಭವಾಗುತ್ತದೆ. ಹೊತ್ತು ಇಳಿದಂತೆ ಜೋಡಿಗಳು ದೊಡ್ಡವಾಗುತ್ತವೆ. ಕಡೆಯ ಕುಸ್ತಿಗೆ ಬೆಳ್ಳಿಯ ಕಡೆ. ಹಲಗೆಯ ಬಡಿತ, ಮಣ್ಣು ತೂರಿ ಕೈಕುಲುಕುವ ಪದ್ಧತಿ, ಬೆನ್ನು ನೆಲಕ್ಕೆ ತಾಗಿದೊಡನೆ ಏಳುವ ‘ಚಿತ್’ ಎಂಬ ಕೂಗು, ಗೆದ್ದವನ ರುಮಾಲಿಗೆ ಜನ ಸಿಕ್ಕಿಸುವ ನೋಟುಗಳು: ಇದೆಲ್ಲ ಆಳಂದ, ಅಫಜಲಪುರ, ಜೇವರ್ಗಿಯ ಯಾವ ಹಳ್ಳಿಯವರಿಗೂ ಹೊಸತಲ್ಲ. ಸೋತವನು ಜನರ ಹಿಂದಿನಿಂದ ಅಂಗಿ ಹೆಗಲಿಗೆ ಹಾಕಿಕೊಂಡು ಹೋಗುವುದೂ ಹೊಸತಲ್ಲ. ಆದರೆ ಅದನ್ನು ನೋಡುವವರು ಕಡಿಮೆ.

ಕನ್ನಡನಾಡಿನ ಮಣ್ಣು ದೊಡ್ಡ ಮಲ್ಲರನ್ನು ಕೊಟ್ಟಿಲ್ಲವೆಂದಲ್ಲ. ಚಿಕ್ಕೋಡಿ ಸೀಮೆಯ ಎಕ್ಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾಸಿಂಗರನ್ನು ಸೋಲಿಸಿ ಮೊತ್ತಮೊದಲ ‘ಹಿಂದ್ ಕೇಸರಿ’ ಎನಿಸಿಕೊಂಡರು. ಶಾಹೂ ಮಹಾರಾಜರು ಖಾಸಬಾಗ ಮೈದಾನ ಕಟ್ಟಿಸಿದ ಕೊಲ್ಲಾಪುರವೇ ಅವರ ಊರಾಯಿತು. 2020ರ ಡಿಸೆಂಬರದಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಬಗ್ಗೆ ನಮ್ಮಲ್ಲಿ ಸಾಮಾನ್ಯವಾಗಿ ಹೇಳಲಾಗುವುದು ಈ ನಾಲ್ಕು ವಾಕ್ಯಗಳನ್ನೇ. 1959ಕ್ಕೂ 2020ಕ್ಕೂ ನಡುವೆ ಅರವತ್ತೊಂದು ವರ್ಷ. ಒಂದು ಸಂಜೆಯ ಕುಸ್ತಿ, ಅದನ್ನು ಹೊತ್ತುಕೊಂಡು ಬಾಳಿದ ಅರವತ್ತೊಂದು ವರ್ಷ! ದೇಹವನ್ನೇ ಬಂಡವಾಳ ಮಾಡಿಕೊಂಡವನಿಗೆ ಆ ಬಂಡವಾಳ ಕರಗುವುದು ಹೇಗೆ ಕಾಣುತ್ತದೆ, ಬೆಳಗ್ಗೆ ಎದ್ದಾಗ ಯಾವ ಕೀಲು ಮೊದಲು ನೋಯುತ್ತದೆ, ಖುರಾಕಿಗೆ ಹಣ ಹೊಂದಿಸುವುದು ಹೇಗೆ, ಈ ಸಂಗತಿಗಳು ನಮ್ಮ ಗದ್ಯಕ್ಕೆ ಹೊರಗಾಗಿಯೇ ಉಳಿದಿವೆ. ರೈತ, ಗುಮಾಸ್ತ, ಶಾಲಾಮಾಸ್ತರ, ವಿಧವೆ, ಪುರೋಹಿತ, ಎಲ್ಲರಿಗೂ ನಮ್ಮ ಕಥೆ ಕಾದಂಬರಿಗಳಲ್ಲಿ ಜಾಗ ಸಿಕ್ಕಿದೆ. ಪೈಲ್ವಾನ ಮಾತ್ರ ಬಹುಮಟ್ಟಿಗೆ ಮೀಸೆಯಾಗಿ ಬಂದು ಮೀಸೆಯಾಗಿಯೇ ಹೋಗುತ್ತಾನೆ.

ಹೀಗಾಗಿ ಫೋಲಿಯ ಪುಸ್ತಕಕ್ಕೆ ಬಂದೆ.

ಮಣ್ಣಿನ ಕುಸ್ತಿಯ ಅಭಿಮಾನಿಗಳು ಇಲ್ಲಿ ನನ್ನನ್ನು ತಡೆಯಬಹುದು. ಫೋಲಿ ಆಡಿದ್ದು ಕುಸ್ತಿಯೇ ಅಲ್ಲ, ಮೊದಲೇ ಗೆಲುವು ಸೋಲು ಗೊತ್ತುಮಾಡಿಕೊಂಡು ಆಡುವ ನಾಟಕ ಎಂದು ಅವರು ಹೇಳುವರು. ಸರಿ. 1950ರ ದಶಕದಲ್ಲಿ ದಾರಾಸಿಂಗ ಮತ್ತು ಕಿಂಗ್‌ಕಾಂಗ್ ಊರೂರಿಗೆ ಆಡಿದ ‘ಫ್ರೀಸ್ಟೈಲ್’ ಕುಸ್ತಿಗಳ ಕಾಲದಿಂದಲೂ ಈ ವಾದ ನಮ್ಮ ದೇಶದಲ್ಲಿ ನಡೆದಿದೆ. ನಾನು ಕಾಲೇಜಿನಲ್ಲಿದ್ದ ವರ್ಷಗಳಲ್ಲಿ ಕೇಬಲ್ ಟಿ.ವಿ. ಹಳ್ಳಿಗೂ ಬಂತು, ಈ ಅಮೆರಿಕನ್ ಮಲ್ಲರ ಚಿತ್ರ, ಎತ್ತರ, ತೂಕ ಅಚ್ಚಾದ ಕಾರ್ಡುಗಳನ್ನು ಕೊಳಕೂರದ ಹುಡುಗರು ಇಸ್ಪೀಟಿನಂತೆ ಆಡಿದರು. ಆಗ ನಮ್ಮೂರಿನ ಹಳೆಯ ಉಸ್ತಾದರೊಬ್ಬರು ಟಿ.ವಿ.ಯ ಮುಂದೆ ಒಂದರ್ಧ ತಾಸು ಕುಳಿತು, ಎದ್ದು ಹೋಗುವಾಗ, “ಕುಸ್ತಿ ಸುಳ್ಳ, ಪೆಟ್ಟು ಖರೇ” ಎಂದರು. ಈ ಕಲೆಯ ಮೇಲೆ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಸರಿಯಾದ ವಿಮರ್ಶೆಯನ್ನು ನಾನು ಮುಂದೆ ಎಲ್ಲಿಯೂ ಓದಲಿಲ್ಲ. ಈ ಲೇಖನದ ಪ್ರಶ್ನೆಯೂ ಅಲ್ಲಿಂದಲೇ ಹುಟ್ಟಿದ್ದು.

ಫೋಲಿಯ ವೃತ್ತಿಜೀವನದ ಮುಖ್ಯ ಘಟನೆಗಳನ್ನು ಚಿಕ್ಕದಾಗಿ ಹೇಳುತ್ತೇನೆ. 1965ರಲ್ಲಿ ಹುಟ್ಟಿದವನು, ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನಲ್ಲಿ ಬೆಳೆದವನು. 1983ರ ಅಕ್ಟೋಬರದಲ್ಲಿ, ಕಾಲೇಜು ಹುಡುಗನಾಗಿದ್ದಾಗ, ದಾರಿಯಲ್ಲಿ ಸಿಕ್ಕ ವಾಹನಗಳನ್ನು ಹತ್ತಿ ನ್ಯೂಯಾರ್ಕಿಗೆ ಹೋಗಿ, ಜಿಮ್ಮಿ ಸ್ನೂಕಾ ಎಂಬ ಮಲ್ಲ ಕಬ್ಬಿಣದ ಪಂಜರದ ತುದಿಯಿಂದ ಎದುರಾಳಿಯ ಮೇಲೆ ಹಾರಿದ್ದನ್ನು ನೋಡಿದ. ತಾನು ಆಗಬೇಕಾದದ್ದು ಇದೇ ಎಂದು ಅಂದೇ ನಿಶ್ಚಯಿಸಿಕೊಂಡ. ಅವನದು ಮಲ್ಲನ ಮೈಕಟ್ಟಲ್ಲ, ದೊಗಲೆ ಶರೀರ. ಇತರರು ಸ್ನಾಯು ತೋರಿಸಿ ಗಳಿಸಿದ ಚಪ್ಪಾಳೆಯನ್ನು ಇವನು ಬಿದ್ದು ಗಳಿಸಿದ. 1994ರ ಮಾರ್ಚಿಯಲ್ಲಿ ಜರ್ಮನಿಯ ಮ್ಯೂನಿಕ್ಕಿನಲ್ಲಿ ವೇಡರ್ ಎಂಬವನೊಡನೆ ಹೋರಾಡುವಾಗ ಕಣದ ಹಗ್ಗಗಳ ನಡುವೆ ತಲೆ ಸಿಕ್ಕಿಕೊಂಡು, ಬಿಡಿಸಿಕೊಳ್ಳುವ ಭರದಲ್ಲಿ ಬಲಗಿವಿಯ ಬಹುಭಾಗ ಹರಿದು ಹೋಯಿತು. ಆಟ ನಿಲ್ಲಲಿಲ್ಲ. ಮರುವರ್ಷ ಜಪಾನಿನಲ್ಲಿ ಮುಳ್ಳುತಂತಿ, ಸಿಡಿಮದ್ದುಗಳ ನಡುವೆ ಹೋರಾಡಿದ. ಆಮೇಲೆ ಅಮೆರಿಕದ ದೊಡ್ಡ ಕಂಪನಿ ಸೇರಿ, ಚರ್ಮದ ಮುಖವಾಡ ತೊಟ್ಟು ‘ಮ್ಯಾನ್‌ಕೈಂಡ್’ ಎಂಬ ಪಾತ್ರವಾದ.

1998ರ ಜೂನ್ 28ರ ಸಂಜೆ ಪಿಟ್ಸ್‌ಬರ್ಗಿನಲ್ಲಿ ನಡೆದದ್ದನ್ನು ಮಾತ್ರ ನಿಧಾನವಾಗಿ ನೋಡಬೇಕು. ಕಣವನ್ನು ಮುಚ್ಚುವ ಹದಿನಾರು ಅಡಿ ಎತ್ತರದ ಜಾಲರಿಯ ಪಂಜರ. ಫೋಲಿ ಮತ್ತು ಅವನ ಎದುರಾಳಿ ‘ಅಂಡರ್‌ಟೇಕರ್’ ಇಬ್ಬರೂ ಅದರ ನೆತ್ತಿಯನ್ನು ಏರಿದರು. ಅಲ್ಲಿಂದ ಎದುರಾಳಿ ಇವನನ್ನು ಕೆಳಗೆ, ವೀಕ್ಷಕವಿವರಣೆಗಾರರ ಮೇಜಿನ ಮೇಲೆ ಎಸೆದ. ಇದು ಇಬ್ಬರೂ ಮೊದಲೇ ಮಾತಾಡಿಕೊಂಡ ಬೀಳು. ಫೋಲಿಯನ್ನು ಗಾಲಿಮಂಚದ ಮೇಲೆ ಒಯ್ಯುತ್ತಿರುವಾಗ ಅವನು ಎದ್ದು ಮತ್ತೆ ಪಂಜರ ಹತ್ತಿದ. ಎದುರಾಳಿ ಕುತ್ತಿಗೆ ಹಿಡಿದು ಜಾಲರಿಯ ಮೇಲೆ ಅಪ್ಪಳಿಸಿದಾಗ ಜಾಲರಿ ಕಿತ್ತುಬಂದು, ಫೋಲಿ ನೇರವಾಗಿ ಒಳಗಿನ ಕಣಕ್ಕೆ ಬಿದ್ದ. ಇದು ಯಾರೂ ಮಾತಾಡಿಕೊಳ್ಳದ ಬೀಳು. ಅವನೊಡನೆ ಬಿದ್ದ ಕುರ್ಚಿ ಮುಖಕ್ಕೆ ಬಡಿದು ಹಲ್ಲು ಮುರಿಯಿತು. ಆಟ ಆಗಲೂ ಮುಂದುವರಿದು, ಚೆಲ್ಲಿದ ಮೊಳೆಗಳ ಮೇಲೆ ಅವನು ಬೀಳುವುದರೊಂದಿಗೆ ಮುಗಿಯಿತು. ನೇಪಥ್ಯಕ್ಕೆ ಬಂದ ಮೇಲೆ, ಈ ದಿನ ಮೊಳೆಗಳನ್ನು ಉಪಯೋಗಿಸಿದೆನೇ ಎಂದು ಅವನು ಎದುರಾಳಿಯನ್ನೇ ಕೇಳಿದನಂತೆ. ನಿನ್ನ ತೋಳು ನೋಡಿಕೋ ಎಂಬುದು ಉತ್ತರ. ತನ್ನ ವೃತ್ತಿಯ ಅತಿ ಪ್ರಸಿದ್ಧ ಕ್ಷಣಗಳು ಅವನಿಗೇ ನೆನಪಿಲ್ಲ. ಲಕ್ಷಾಂತರ ಜನ ಕಂಡದ್ದನ್ನು ಅನುಭವಿಸಿದವನು ಮಾತ್ರ ಕಾಣಲಿಲ್ಲ!

ಈಗ ಅಲಂಕಾರಶಾಸ್ತ್ರದ ಮಾತಿಗೆ ಬರುತ್ತೇನೆ. ಶಂಕುಕನು ರಸಾನುಭವವನ್ನು ವಿವರಿಸಲು ಚಿತ್ರತುರಗ ನ್ಯಾಯವನ್ನು ತಂದನೆಂಬುದು ಬಿ.ಎ. ವಿದ್ಯಾರ್ಥಿಗಳಿಗೂ ಗೊತ್ತು. ಬರೆದ ಕುದುರೆಯನ್ನು ನೋಡಿ ನಾವು ‘ಇದು ಕುದುರೆ’ ಎನ್ನುತ್ತೇವೆ. ಅದು ಸತ್ಯಜ್ಞಾನವಲ್ಲ, ಮಿಥ್ಯಾಜ್ಞಾನವಲ್ಲ, ಸಂಶಯವೂ ಅಲ್ಲ. ನಟನನ್ನು ರಾಮನೆನ್ನುವುದೂ ಹಾಗೆಯೇ. ಭಟ್ಟನಾಯಕ, ಅಭಿನವಗುಪ್ತರು ಇನ್ನೂ ಮುಂದೆ ಹೋಗಿ ಸಾಧಾರಣೀಕರಣವನ್ನು ಹೇಳಿದರು: ರಂಗದ ದುಃಖ ನನ್ನದೂ ಅಲ್ಲ, ಅವನದೂ ಅಲ್ಲ, ಆದ್ದರಿಂದಲೇ ಕರುಣವೂ ಆನಂದವಾಗುತ್ತದೆ. ಸೀತೆಯ ಪಾತ್ರಧಾರಿ ಅಳುವಾಗ ನಾವು ಎದ್ದು ಹೋಗಿ ಕಣ್ಣೊರೆಸುವುದಿಲ್ಲ. ಯುದ್ಧ, ಮರಣ ಇವುಗಳನ್ನು ಅಂಕದಲ್ಲಿ ಪ್ರತ್ಯಕ್ಷ ತೋರಿಸಬಾರದೆಂದು ಭರತ ವಿಧಿಸಿದುದಕ್ಕೂ ಈ ವ್ಯವಸ್ಥೆ ಕೆಡಬಾರದೆಂಬ ಎಚ್ಚರ ಕಾರಣವಿದ್ದೀತು.

ಫೋಲಿಯ ಕಣದಲ್ಲಿ ಈ ವ್ಯವಸ್ಥೆ ತಲೆಕೆಳಗಾಗಿದೆ. ನಾಟಕದಲ್ಲಿ ಕಥೆಯೂ ಕಲ್ಪಿತ, ಪೆಟ್ಟೂ ಕಲ್ಪಿತ. ಗರಡಿಯ ಕುಸ್ತಿಯಲ್ಲಿ ಸ್ಪರ್ಧೆಯೂ ನಿಜ, ಪೆಟ್ಟೂ ನಿಜ. ಇಲ್ಲಿ ಹಗೆತನ ಕಲ್ಪಿತ, ಗೆಲುವು ಕಲ್ಪಿತ, ಹೆಸರೂ ಮುಖವೂ ಕಲ್ಪಿತ. ಮುರಿದ ಹಲ್ಲು ಮಾತ್ರ ನಿಜ. ಚಿತ್ರದ ಕುದುರೆ ಗೋಡೆಯಿಂದ ಕಾಲು ಚಾಚಿ ಒದ್ದಂತೆ. ಮೊದಲನೆಯ ಬೀಳಿಗೂ ಎರಡನೆಯ ಬೀಳಿಗೂ ಪ್ರೇಕ್ಷಕ ಒಂದೇ ಬಗೆಯಾಗಿ ಕೂಗಿದ. ಒಂದು ಏರ್ಪಾಟಿನದು, ಇನ್ನೊಂದು ಸಾವಿನ ಅಂಚಿನದು ಎಂಬ ಭೇದ ಅವನಿಗೆ ತಿಳಿಯುವಂತಿರಲಿಲ್ಲ. ತಿಳಿಯದ ಹಾಗೆ ಮಾಡುವುದೇ ಆ ಕಲೆಯ ಗುರಿ. ಹಾಗಾದರೆ ಅವನು ಅನುಭವಿಸಿದ್ದು ಅದ್ಭುತರಸವೋ, ಪಕ್ಕದ ಮನೆಗೆ ಬೆಂಕಿ ಬಿದ್ದಾಗ ಓಡಿಬಂದು ನಿಲ್ಲುವ ಜನರ ಕುತೂಹಲವೋ?

ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತ್ 1957ರಲ್ಲಿ ಪ್ರಕಟಿಸಿದ ‘ಮಿಥಾಲಜೀಸ್’ ಎಂಬ ಸಂಕಲನದ ಮೊದಲ ಪ್ರಬಂಧವೇ ಈ ಬಗೆಯ ಕುಸ್ತಿಯ ಮೇಲೆ. ಇದು ಕ್ರೀಡೆಯಲ್ಲ, ಪ್ರದರ್ಶನ. ಗ್ರೀಕರ ರಂಗಭೂಮಿಯಂತೆ ಇಲ್ಲಿಯೂ ನೋವು, ಸೋಲು, ನ್ಯಾಯ ಎಂಬುವು ಎಲ್ಲರ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಪ್ರಕಟವಾಗುತ್ತವೆ. ಪಂದ್ಯ ಮೊದಲೇ ಗೊತ್ತುಮಾಡಿದ್ದೋ ಅಲ್ಲವೋ ಎಂಬುದು ಪ್ರೇಕ್ಷಕನಿಗೆ ಮುಖ್ಯವೇ ಅಲ್ಲ ಎಂದು ಅವನ ವಾದ. ಪ್ರಬಂಧ ಬಹಳ ಚೆನ್ನಾಗಿದೆ. ನಾನು ತರಗತಿಯಲ್ಲಿ ಅದರ ಸಾರಾಂಶ ಹೇಳಿದಾಗ ಹಿಂದಿನ ಬೆಂಚಿನವರೂ ಕತ್ತೆತ್ತಿ ಕೇಳಿದ್ದಾರೆ. ಆದರೆ ಬಾರ್ತನ ಮಲ್ಲರಿಗೆ ಮನೆಯಿಲ್ಲ. ಆಟ ಮುಗಿದ ಮೇಲೆ ಅವರು ಎಲ್ಲಿಗೂ ಹೋಗುವುದಿಲ್ಲ, ಬಟ್ಟೆ ಬದಲಾಯಿಸುವುದಿಲ್ಲ, ಹೆಂಡತಿಯೊಡನೆ ಮಾತಾಡುವುದಿಲ್ಲ. ಸೋಮೇಶ್ವರನ ಸಿಂಹಾಸನದ ಜಾಗದಲ್ಲಿ ಬಾರ್ತ್ ಒಂದು ಟಿಕೀಟಿನ ಕುರ್ಚಿ ಹಾಕಿಕೊಂಡಿದ್ದಾನೆ, ಅಷ್ಟೆ.

ಫೋಲಿಯ ಪುಸ್ತಕ ಆ ಕುರ್ಚಿಯನ್ನು ಬಿಟ್ಟು ಕಣದೊಳಗಿನಿಂದ ಮಾತಾಡುತ್ತದೆ. ಗುಣವಿದ್ದಂತೆ ದೋಷಗಳೂ ಉಂಟು. ವಿಪರೀತ ಉದ್ದ. ಊರಿಂದ ಊರಿಗೆ, ಪಂದ್ಯದಿಂದ ಪಂದ್ಯಕ್ಕೆ ಹೋಗುವ ವರದಿ ನಡುವೆ ಬೇಸರ ತರಿಸುತ್ತದೆ. ಹಾಸ್ಯದಲ್ಲಿ ಅರ್ಧದಷ್ಟು ಹಾಸ್ಟೆಲ್ ಹುಡುಗರ ಮಟ್ಟದ್ದು. ತನ್ನನ್ನು ತಾನು ಗೇಲಿಮಾಡಿಕೊಳ್ಳುವ ನೆಪದಲ್ಲಿ ತನ್ನನ್ನು ತಾನೇ ಹೊಗಳಿಕೊಳ್ಳುವ ಚಾತುರ್ಯವೂ ಇದೆ. ಆದರೂ ಒಂದು ಹಿರಿಯ ಗುಣ ಇವೆಲ್ಲವನ್ನೂ ತೂಗುತ್ತದೆ. ಗಾಯದ ಸಂಗತಿಯನ್ನು ಅವನು ವೀರರಸದಲ್ಲಿ ಬರೆಯುವುದಿಲ್ಲ. ಕಿವಿ ಹೋದ ಪ್ರಸಂಗದಲ್ಲಿ ನಮ್ಮ ಭಟ್ಟಂಗಿಗಳಾಗಿದ್ದರೆ ‘ರುಧಿರದ ಕಡಲು’ ಹರಿಸುತ್ತಿದ್ದರು. ಇವನು ಆಸ್ಪತ್ರೆ, ದಾದಿ, ಭಾಷೆ ತಿಳಿಯದ ಊರು, ಮನೆಗೆ ಫೋನು, ಮುಂದಿನ ಪಂದ್ಯದ ಚಿಂತೆ, ಇವುಗಳನ್ನು ಕೂಲಿಗೆ ಹೋಗುವವನು ಹೇಳಿದಂತೆ ಹೇಳುತ್ತಾನೆ. ಬೀಳುವುದೂ ಒಂದು ಕಸುಬು, ಅದಕ್ಕೂ ಅಭ್ಯಾಸ, ಲೆಕ್ಕ, ಭಯ, ಸಂಬಳ ಎಂಬುವು ಇವೆ ಎಂಬ ಅರಿವನ್ನು ಸಾಹಸದ ಬೇರೆ ಪುಸ್ತಕಗಳು ನನಗೆ ಕೊಟ್ಟಿರಲಿಲ್ಲ.

ಆದರೆ ನನ್ನ ಪ್ರಶ್ನೆಗೆ ಉತ್ತರದ ಹತ್ತಿರ ಬರುವುದು ಈ ಪುಸ್ತಕವೂ ಅಲ್ಲ, ಬ್ಯಾರಿ ಬ್ಲಾಸ್ಟೀನ್ ಎಂಬವನು ತೆಗೆದ ‘ಬಿಯಾಂಡ್ ದ ಮ್ಯಾಟ್’ ಎಂಬ 1999ರ ಸಾಕ್ಷ್ಯಚಿತ್ರ. ಆ ವರ್ಷದ ಜನವರಿಯಲ್ಲಿ ನಡೆದ ಪಂದ್ಯವೊಂದರಲ್ಲಿ ಫೋಲಿಯ ಕೈಗಳಿಗೆ ಬೇಡಿ ಹಾಕಿ, ಎದುರಾಳಿ ‘ರಾಕ್’ ಅವನ ತಲೆಗೆ ಕಬ್ಬಿಣದ ಕುರ್ಚಿಯಿಂದ ಹೊಡೆಯುತ್ತಾನೆ. ಒಂದಲ್ಲ, ಎರಡಲ್ಲ, ಗೊತ್ತುಮಾಡಿಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು. ಮುಂದಿನ ಸಾಲಿನಲ್ಲಿ ಅವನ ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು. ಇದು ಆಟವೆಂದು ಮಕ್ಕಳಿಗೆ ಮೊದಲೇ ಹೇಳಿತ್ತು. ಎದುರಾಳಿ ಅಪ್ಪನ ಸ್ನೇಹಿತನೆಂಬುದೂ ಅವರಿಗೆ ಗೊತ್ತು. ಆದರೂ ಮಗು ಚೀರತೊಡಗುತ್ತದೆ. ತಾಯಿ ಅವರನ್ನು ಎತ್ತಿಕೊಂಡು ಹೊರಟುಹೋಗುತ್ತಾಳೆ. ಇಡೀ ಸಭಾಂಗಣದಲ್ಲಿ ಸಾಧಾರಣೀಕರಣವಾಗದೆ ಉಳಿದವರು ಆ ಮೂವರೇ. ಆಮೇಲೆ ಆ ದೃಶ್ಯವನ್ನು ತೋರಿಸಿದಾಗ ಫೋಲಿ ಪೆಚ್ಚಾಗಿ, ತಾನು ಒಳ್ಳೆಯ ತಂದೆಯೆಂಬ ಭಾವನೆ ಈಗ ಉಳಿದಿಲ್ಲವೆಂಬರ್ಥದ ಮಾತನ್ನಾಡುತ್ತಾನೆ. 2001ರಲ್ಲಿ ಬಂದ ಎರಡನೆಯ ಪುಸ್ತಕದಲ್ಲಿ ಈ ಚಿತ್ರದ ಬಗ್ಗೆ ಬರೆಯುವಾಗ ಅವನ ಶೈಲಿಯ ಎಂದಿನ ಆರಾಮ ಕಾಣುವುದಿಲ್ಲ.

ಇದನ್ನು ನೋಡಿದಾಗ ನನಗೆ ಒಡನೆ ನೆನಪಾದದ್ದು ವಿರಾಟಪರ್ವ. ವಿರಾಟನ ನಗರದಲ್ಲಿ ಉತ್ಸವ. ದಿಕ್ಕುದಿಕ್ಕಿನಿಂದ ಮಲ್ಲರು ಬಂದಿದ್ದಾರೆ. ಜೀಮೂತನೆಂಬವನಿಗೆ ಎದುರು ನಿಲ್ಲುವವರಿಲ್ಲ. ಅರಸು ಅಡಿಗೆಯ ವಲಲನನ್ನು ಕರೆಸುತ್ತಾನೆ. ಭೀಮನಿಗೆ ಮನಸ್ಸಿಲ್ಲ, ಆದರೆ ಅರಸನ ಮಾತನ್ನು ಬಹಿರಂಗವಾಗಿ ತಿರಸ್ಕರಿಸುವಂತಿಲ್ಲ. ಕಣಕ್ಕಿಳಿದು ಜೀಮೂತನನ್ನು ಕೊಲ್ಲುತ್ತಾನೆ. ಅಷ್ಟಕ್ಕೆ ಮುಗಿಯಲಿಲ್ಲ. ಸರಿಸಮಾನರಾದ ಮಲ್ಲರು ಸಿಕ್ಕದಿದ್ದಾಗ ವಿರಾಟ ಇವನನ್ನು ಹುಲಿ, ಸಿಂಹ, ಆನೆಗಳೊಡನೆ ಹೋರಾಡಿಸಿದನೆಂದು ವ್ಯಾಸರು ಹೇಳುತ್ತಾರೆ. ಅಂತಃಪುರದ ಹೆಂಗಸರ ವಿನೋದಕ್ಕಾಗಿಯೂ. ಕಲ್ಪಿತ ಹೆಸರು, ಕಲ್ಪಿತ ವೇಷ, ಒಡೆಯನ ಆಜ್ಞೆ, ನಿಜವಾದ ಪಂಜ. ವೃತ್ತಿಮಲ್ಲನ ಪೂರ್ತಿ ಲಕ್ಷಣ ಇಲ್ಲಿದೆ.

ಈ ಕಾಳಗಗಳನ್ನು ಸುದೇಷ್ಣೆಯ ಪಕ್ಕದಲ್ಲಿ ನಿಂತು ದ್ರೌಪದಿಯೂ ನೋಡುತ್ತಾಳೆ. ಕೀಚಕನ ಪ್ರಸಂಗದಲ್ಲಿ ಅವಳು ರಾತ್ರಿ ಅಡಿಗೆಮನೆಗೆ ಬಂದು ಭೀಮನನ್ನು ಎಬ್ಬಿಸುವ ಸಂದರ್ಭ ಗದುಗಿನ ಭಾರತವನ್ನು ಓದಿದ ಕನ್ನಡಿಗರೆಲ್ಲರಿಗೂ ಪರಿಚಿತ. ಸಂಸ್ಕೃತ ಮೂಲದಲ್ಲಿ ಆ ರಾತ್ರಿ ಅವಳು ಹೇಳಿಕೊಳ್ಳುವ ದುಃಖಗಳಲ್ಲಿ ಒಂದು ಇದು: ನೀನು ಅಂತಃಪುರದಲ್ಲಿ ಮೃಗಗಳೊಡನೆ ಹೋರಾಡುವಾಗ ಹೆಂಗಸರೆಲ್ಲ ನಗುತ್ತಾರೆ, ನನಗೆ ಮಾತ್ರ ಬವಳಿ ಬರುತ್ತದೆ; ಅದನ್ನು ಕಂಡು ರಾಣಿ, ಅಡಿಗೆಯವನ ಮೇಲೆ ಈ ಸೈರಂಧ್ರಿಗೆ ಮನಸ್ಸಿದ್ದಂತಿದೆ ಎಂದು ಸಖಿಯರ ಮುಂದೆ ಕುಟುಕುತ್ತಾಳೆ. ಎಷ್ಟು ಸೂಕ್ಷ್ಮವಾದ ಸನ್ನಿವೇಶ! ಒಂದೇ ಸಾಲಿನಲ್ಲಿ ಇಬ್ಬರು ನಿಂತು ಒಂದೇ ಆಟವನ್ನು ನೋಡುತ್ತಿದ್ದಾರೆ. ಒಬ್ಬಳಿಗೆ ಅದು ವಿನೋದ. ಇನ್ನೊಬ್ಬಳಿಗೆ ಒಳಗಿರುವವನು ಯಾರೆಂದು ಗೊತ್ತು, ಗೊತ್ತೆಂದು ತೋರಿಸಿಕೊಳ್ಳುವಂತಿಲ್ಲ. ಅವಳ ಮುಖದಲ್ಲಿ ಕಂಡ ನೋವನ್ನು ಕೂಡ ರಾಣಿ ಇನ್ನೊಂದು ವಿನೋದವನ್ನಾಗಿ ಮಾಡಿಕೊಂಡಳು. ಬ್ಲಾಸ್ಟೀನನ ಕ್ಯಾಮೆರಾ ಫೋಲಿಯ ಹೆಂಡತಿಯ ಮುಖಕ್ಕೆ ತಿರುಗಿದಾಗ, ಮತ್ತು ಅದನ್ನು ನಾವು ಸಿನಿಮಾ ಎಂದು ನೋಡಿದಾಗ, ಸುದೇಷ್ಣೆ ಮಾಡಿದ್ದನ್ನೇ ನಾವೂ ಮಾಡುತ್ತಿಲ್ಲವೇ ಎಂಬ ಶಂಕೆ ನನ್ನನ್ನು ಈಗಲೂ ಬಿಟ್ಟಿಲ್ಲ.

ರಸಶಾಸ್ತ್ರ ಸುದೇಷ್ಣೆಯ ಸ್ಥಾನದಲ್ಲಿರುವ ಸಹೃದಯನ ಬಗ್ಗೆ ಬಹಳ ಹೇಳಿದೆ. ದ್ರೌಪದಿಯ ಸ್ಥಾನದಲ್ಲಿರುವವನನ್ನು ‘ವಿಘ್ನ’ವೆಂಬ ಮಾತಿನಲ್ಲಿ ಹೊರಗಿಡುತ್ತದೆ: ತನ್ನ ಸ್ವಂತ ಸುಖದುಃಖಕ್ಕೆ ವಶನಾದವನಿಗೆ ರಸವಿಲ್ಲ. ನಾಟಕಕ್ಕೆ ಇದು ಸರಿಯಾದ ನ್ಯಾಯ. ಆದರೆ ಪೆಟ್ಟು ಖರೇ ಆದ ಕಡೆ ಮೈಮರೆತು ಚಪ್ಪಾಳೆ ತಟ್ಟಿದವನಿಗಿಂತ ಚೀರಿದ ಮಗುವೇ ಆಟವನ್ನು ಸರಿಯಾಗಿ ಓದಿತೆಂದು ನಾನು ತಿಳಿಯುತ್ತೇನೆ. ಫೋಲಿಯ ವೃತ್ತಿಜೀವನವನ್ನು ಸಾಹಸದ ಪರಾಕಾಷ್ಠೆಯೆಂದು ಹೊಗಳುವವರೂ, ಹುಚ್ಚಾಟವೆಂದು ಜರೆಯುವವರೂ ಇದ್ದಾರೆ. ಇಬ್ಬರೂ ಕುಳಿತಿರುವುದು ಒಂದೇ ಸಾಲಿನ ಕುರ್ಚಿಗಳಲ್ಲಿ. ಅವನು 2000ದಲ್ಲಿ, ಮೂವತ್ತೈದು ತುಂಬುವ ಮುನ್ನ, ಪೂರ್ಣಾವಧಿಯ ಕುಸ್ತಿಯಿಂದ ಹಿಂದೆ ಸರಿದ. ಆಮೇಲೂ ಆಗಾಗ ಕಣಕ್ಕೆ ಬಂದ, ಇನ್ನೂ ಹಲವು ಪುಸ್ತಕ ಬರೆದ. ಮೊದಲ ಪುಸ್ತಕದ ಬಿಸಿ ಅವುಗಳಲ್ಲಿಲ್ಲ.

ನಮ್ಮ ಕಡೆಯ ಹಳೆಯ ಪೈಲ್ವಾನರನ್ನು ಗುರುತಿಸುವುದು ಸುಲಭ. ವರ್ಷಗಟ್ಟಲೆ ಮಣ್ಣಿಗೂ ಎದುರಾಳಿಯ ತಲೆಗೂ ತಿಕ್ಕಿ ಮುದುಡಿ ಗಟ್ಟಿಯಾದ ಕಿವಿ ಅವರ ಗುರುತು. ಜೇವರ್ಗಿಯ ಸಂತೆಯಲ್ಲಿ ಅಂಥ ಕಿವಿಯವರು ಜೋಳದ ಚೀಲದ ಪಕ್ಕದಲ್ಲಿ ಕುಳಿತಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕೇಳಿದರೆ ಗೆದ್ದ ಕಡೆಗಳ ಲೆಕ್ಕ ಹೇಳುತ್ತಾರೆ; ಇನ್ನೊಮ್ಮೆ ಕೇಳಿದರೆ ಸೋತದ್ದನ್ನೂ ಹೇಳುತ್ತಾರೆ. ಬಿ.ಎ. ತರಗತಿಯ ನನ್ನ ಇಬ್ಬರು ವಿದ್ಯಾರ್ಥಿಗಳು ಈಚೆಗೆ ಅವರ ಮಾತುಗಳನ್ನು ಬರೆದುಕೊಳ್ಳಲು ಪ್ರಾರಂಭಿಸಿದ್ದಾರೆ. ಮನೆಯ ಹೆಂಗಸರನ್ನೂ ಕೇಳಿಕೊಂಡು ಬರಬೇಕೆಂದು ಅವರಿಗೆ ಹೇಳಿ ಕಳಿಸಿದ್ದೇ ಈ ವಿಷಯದಲ್ಲಿ ನಾನು ಇದುವರೆಗೆ ಮಾಡಿರುವ ಕೆಲಸ.